ಗಾಜಿನ ಪೆಟ್ಟಿಗೆಯ ದೇವರಿಗೆ ಏನಂತ ಕೈ ಮುಗಿಯುವುದು?

ಪ್ರಶ್ನೆ: ನಾವು ವಾಸ್ಕೊದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇವೆ. ಊರಿನಿಂದ ನೆಂಟರು ಬಂದಾಗಲೆಲ್ಲ ಹಳೇ ಗೋವಾಕ್ಕೆ ಹೋಗುತ್ತೇವೆ, ಬೊಮ್ ಜೀಸಸ್ ಚರ್ಚಿನಲ್ಲಿ ಒಂದು ಸುತ್ತು ಹಾಕುತ್ತೇವೆ, ಫೋಟೊ ತೆಗೆದುಕೊಂಡು ವಾಪಸ್. ಈ ಸಲ ಕೊಪ್ಪಳದಿಂದ ಅತ್ತೆಯವರು ಬರುತ್ತಿದ್ದಾರೆ. ಅವರನ್ನೂ ಒಂಬತ್ತನೇ ತರಗತಿ ಓದುವ ಮಗನನ್ನೂ ಅಲ್ಲಿನ ಕ್ರೈಸ್ತ ಕಲಾ ಸಂಗ್ರಹಾಲಯಕ್ಕೆ ಗೈಡ್ ಜೊತೆ ಕರೆದೊಯ್ಯಬೇಕು ಎಂದುಕೊಂಡಿದ್ದೇನೆ. ಗೈಡ್ ನಿಜಕ್ಕೂ ಬೇಕೆ? ಎಷ್ಟು ಹೊತ್ತು ಹಿಡಿಯುತ್ತದೆ? ಏನನ್ನು ನೋಡಬೇಕು? ಫೋನಿನಲ್ಲಿ ವಿಷಯ ತಿಳಿಸಿದಾಗ ಅತ್ತೆ, ‘ಗುಡಿಯಾಗಿನ ದೇವರಿಗೆ ಕೈ ಮುಗೀತೀವಿ. ಗಾಜಿನ ಪೆಟ್ಟಿಗ್ಯಾಗ ಇಟ್ಟ ದೇವರಿಗೆ ಏನಂತ ಕೈ ಮುಗಿಯೂದವ್ವ?’ ಅಂದರು. ನನಗೆ ಉತ್ತರ ತೋಚಲಿಲ್ಲ.

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗಿಂತ ನಿಮ್ಮ ಅತ್ತೆಯವರ ಒಂದು ಪ್ರಶ್ನೆ ದೊಡ್ಡದು. ಅದರಿಂದಲೇ ಶುರು ಮಾಡುತ್ತೇನೆ. ಗೈಡ್ ಹೇಗಿರಬೇಕು, ಏನು ನೋಡಬೇಕು ಎಂಬುದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಗೋವಾದ ಹಳೆಯ ಮರದ ವಿಗ್ರಹಗಳ ದುರಸ್ತಿ ಮಾಡುತ್ತ, ಆಮೇಲೆ ಅವುಗಳ ಮುಂದೆ ಜನರನ್ನು ನಿಲ್ಲಿಸಿ ಮಾತಾಡುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾದ ಮಾತು ಇದು: ಸಂಗ್ರಹಾಲಯದಲ್ಲಿರುವ ಪ್ರತಿ ದೇವರ ಮೂರ್ತಿಯೂ ಒಂದು ಜಾಗ ಬಿಟ್ಟು ಬಂದದ್ದು. ಅದಕ್ಕೊಂದು ಪೀಠವಿತ್ತು, ಎತ್ತರವಿತ್ತು, ಎಡಬಲದಲ್ಲಿ ಮೇಣದಬತ್ತಿಯ ಬೆಳಕಿತ್ತು, ಅದನ್ನು ಒರೆಸುವವರು, ಹೊರುವವರು, ಅದರ ಮುಂದೆ ಅಳುವವರು ಇದ್ದರು. ಗಾಜಿನ ಪೆಟ್ಟಿಗೆಯೊಳಗೆ ಬಂದಾಗ ಮೂರ್ತಿ ಮಾತ್ರ ಬಂತು, ಉಳಿದದ್ದೆಲ್ಲ ಹೊರಗೇ ಉಳಿಯಿತು. ಆ ಉಳಿದದ್ದನ್ನು ಮಾತಿನಲ್ಲಿ ತಂದು ಮತ್ತೆ ಅದರ ಸುತ್ತ ಇಡುವವನೇ ಗೈಡ್. ಆದ್ದರಿಂದ ಗೈಡ್ ಬೇಕು. ಆದರೆ ಅವರನ್ನು ‘ಇದು ಏನು?’ ಎಂದು ಕೇಳಬೇಡಿ, ಅದು ಫಲಕದಲ್ಲೇ ಬರೆದಿರುತ್ತದೆ. ‘ಇದು ಮೊದಲು ಎಲ್ಲಿತ್ತು? ಇದನ್ನು ಯಾರು ಮುಟ್ಟುತ್ತಿದ್ದರು?’ ಎಂದು ಕೇಳಿ. ಗೊತ್ತಿರುವ ಗೈಡ್‌ನ ಮುಖ ಅರಳುತ್ತದೆ, ಆಮೇಲೆ ನಿಮ್ಮನ್ನು ಬೇಗ ಬಿಡುವುದೇ ಇಲ್ಲ.

ಮೊದಲು ಆ ಕಟ್ಟಡದ ಬಗ್ಗೆ. ಸಂಗ್ರಹಾಲಯ ಇರುವುದು ಸಾಂತಾ ಮೋನಿಕಾ ಎಂಬ ಸನ್ಯಾಸಿನಿಯರ ಮಠದಲ್ಲಿ. 1606ರಲ್ಲಿ ಬುನಾದಿ ಹಾಕಿ 1627ರ ಹೊತ್ತಿಗೆ ಮುಗಿಸಿದರು. 1636ರಲ್ಲಿ ಬೆಂಕಿ ಬಿದ್ದು, ಮರುವರ್ಷ ಮತ್ತೆ ಕಟ್ಟಲು ಹಿಡಿದರು. ಅಗಸ್ಟಿನಿಯನ್ ಪಂಥದ ಸನ್ಯಾಸಿನಿಯರು ಇಲ್ಲಿ ಹೊರಜಗತ್ತಿನ ಕಣ್ಣಿಗೆ ಬೀಳದೆ ಬದುಕುತ್ತಿದ್ದರು. ಹೊರಗೆ ನಿಂತು ಗೋಡೆಗೆ ಆನಿಸಿ ಕಟ್ಟಿದ ದಪ್ಪ ದಪ್ಪ ಆಸರೆಗಳನ್ನು ಮಗನಿಗೆ ತೋರಿಸಿ. ಎಲ್ಲವೂ ನಮ್ಮ ಕರಾವಳಿಯ ಕೆಂಪು ಮುರಕಲ್ಲೇ. ಸಂಗ್ರಹಾಲಯ ಹುಟ್ಟಿದ್ದು ಮಾತ್ರ ಇಲ್ಲಲ್ಲ. 1994ರಲ್ಲಿ ಮಡಗಾಂವ್ ಕಡೆಯ ರಾಶೋಲ್‌ನಲ್ಲಿ, ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಶುರುವಾಗಿ, 2000ದ ದಶಕದ ಆರಂಭದಲ್ಲಿ ಇಲ್ಲಿಗೆ ಬಂತು. ದೊಡ್ಡ ನವೀಕರಣ ಮುಗಿಸಿ 2022ರಲ್ಲಿ ಮತ್ತೆ ಬಾಗಿಲು ತೆರೆಯಿತು. ನೀವು ಹಿಂದೆಂದಾದರೂ ನೋಡಿದ್ದರೂ ಈಗಿನದು ಬೇರೆಯೇ.

ಇಷ್ಟೊಂದು ಸಾಮಾನು ಪೀಠ ಬಿಟ್ಟು ಬಂದದ್ದೇಕೆ? ಇದನ್ನು ಅತ್ತೆಯವರಿಗೆ ಹೇಳಲೇಬೇಕು. ಹಳೇ ಗೋವಾ ಒಂದು ಕಾಲದಲ್ಲಿ ಪೋರ್ಚುಗೀಸರ ದೊಡ್ಡ ರಾಜಧಾನಿ. ಮತ್ತೆ ಮತ್ತೆ ಬಂದ ಸಾಂಕ್ರಾಮಿಕ ರೋಗಗಳಿಗೆ ಊರು ಬರಿದಾಗುತ್ತ ಹೋಯಿತು, ಆಡಳಿತ ಪಣಜಿಗೆ ಸರಿಯಿತು. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿಗಳ ಸಂಘಗಳನ್ನೇ ರದ್ದು ಮಾಡಿತು, ಮರುವರ್ಷ ಅದು ಗೋವಾದಲ್ಲೂ ಜಾರಿಯಾಯಿತು. ಮಠಗಳು ಖಾಲಿಯಾದವು, ಛಾವಣಿಗಳು ಬಿದ್ದವು. ಸಾಂತಾ ಮೋನಿಕಾದ ಎದುರಿಗೇ ಸೇಂಟ್ ಅಗಸ್ಟಿನ್ ಚರ್ಚಿನ ಸುಮಾರು 46 ಮೀಟರ್ ಎತ್ತರದ ಗೋಪುರದ ಅರ್ಧ ಭಾಗ ನಿಂತಿದೆಯಲ್ಲ, ಆ ಚರ್ಚಿನ ಕಮಾನು ಕುಸಿದದ್ದು 1842ರಲ್ಲಿ. ಹೀಗೆ ಮನೆ ಕಳೆದುಕೊಂಡ ಮೂರ್ತಿಗಳು, ಬೆಳ್ಳಿ ಸಾಮಾನು, ಜರಿ ಬಟ್ಟೆಗಳು ಊರೂರಿನ ಇಗರ್ಜಿಗಳಿಗೆ ಅಂದರೆ ಚರ್ಚುಗಳಿಗೆ, ಮನೆಗಳಿಗೆ ಹಂಚಿಹೋದವು. ಹುಳು ತಿಂದವು, ಮಾರಾಟವಾದವು, ಕಳುವಾದವು. ಉಳಿದವನ್ನು ಕಾಪಾಡಲು ಗಾಜಿನ ಪೆಟ್ಟಿಗೆ ಬೇಕಾಯಿತು. ಗುಡಿ ಬಿದ್ದ ಊರಿನ ದೇವರನ್ನು ಯಾರದೋ ಮನೆಯ ಜಗಲಿಯಲ್ಲಿ ಇಟ್ಟುಕೊಂಡಂತೆ ಎಂದು ಹೇಳಿ, ಅವರಿಗೆ ತಕ್ಷಣ ತಿಳಿಯುತ್ತದೆ.

ಈಗ ಏನನ್ನು ನೋಡಬೇಕು ಎಂಬ ಮಾತು. ಎಲ್ಲವನ್ನೂ ನೋಡಬೇಡಿ. ನಾಲ್ಕೈದು ವಸ್ತುಗಳ ಮುಂದೆ ಹತ್ತು ಹತ್ತು ನಿಮಿಷ ನಿಲ್ಲಿ.

ಕೊಪ್ಪಳದವರಾದ್ದರಿಂದ ಮರದ ಸಂತರ ಮೂರ್ತಿಗಳ ಮುಂದೆ ಮೊದಲು ನಿಲ್ಲಿಸಿ. ಕಿನ್ನಾಳ ಅವರ ಊರಿನ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಮಾಡಿದ ಕಿಟ್ಟ ಎಂಬ ಮೆತ್ತೆಯನ್ನು ಮೆತ್ತಿ, ಮೇಲೆ ಬಣ್ಣ ಬರೆದು, ಹೊಳಪಿಗೆ ಲಜವಾರ ಎಂಬ ಲೇಪ ಹಚ್ಚುವುದನ್ನು ಅವರು ನೋಡಿರಬಹುದು, ಕೇಳಿಯಂತೂ ಇರುತ್ತಾರೆ. ಇಲ್ಲಿನ ಕೆಲಸವೂ ಅದೇ ಕುಲದ್ದು. ಮರದ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಲೇಪ ಪದರ ಪದರವಾಗಿ. ಅದರ ಮೇಲೆ ತೆಳ್ಳಗೆ ಕೆಂಪು ಜೇಡಿ. ಅದರ ಮೇಲೆ ಚಿನ್ನದ ರೇಕು. ನಯವಾದ ಕಲ್ಲಿನಿಂದ ಉಜ್ಜಿ ಹೊಳಪು. ಆಮೇಲೆ ಆ ಚಿನ್ನವನ್ನೇ ಪೂರ್ತಿ ಮುಚ್ಚುವಂತೆ ನೀಲಿಯೋ ಹಸಿರೋ ಬಣ್ಣ ಬಳಿಯುತ್ತಾರೆ. ಬಣ್ಣ ಒಣಗುವಾಗ ಮೊಂಡು ಕಡ್ಡಿಯಿಂದ ಹೂಬಳ್ಳಿಯ ಗೆರೆ ಎಳೆಯುತ್ತ ಕೆರೆದರೆ ಕೆಳಗಿನ ಚಿನ್ನ ಹೊರಗೆ ಇಣುಕುತ್ತದೆ. ಸಂತರ ನಿಲುವಂಗಿ ಜರಿ ರೇಷ್ಮೆಯಂತೆ ಕಾಣುವುದು ಹೀಗೆ. ದೂರದಿಂದ ನೋಡಿದವರು ಚಿನ್ನದ ಬಣ್ಣದಲ್ಲಿ ಹೂ ಬರೆದಿದ್ದಾರೆ ಅಂದುಕೊಳ್ಳುತ್ತಾರೆ. ಮಗನಿಗೆ ಬಗ್ಗಿ, ಅಂಗಿಯ ಅಂಚನ್ನು ಓರೆಯಾಗಿ ನೋಡಲು ಹೇಳಿ. ಚಿನ್ನ ಬಣ್ಣಕ್ಕಿಂತ ಕೆಳಗಿರುವುದು, ಗೆರೆಯ ಅಂಚು ಕೂದಲೆಳೆಯಷ್ಟು ಎದ್ದಿರುವುದು ಕಾಣುತ್ತದೆ. ಬಣ್ಣ ಎಲ್ಲಾದರೂ ಉದುರಿದ್ದರೆ ಇನ್ನೂ ಒಳ್ಳೆಯದು. ಕೆಂಪು ಜೇಡಿ, ಬಿಳಿ ಲೇಪ, ಮರ ಮೂರೂ ಒಂದರ ಕೆಳಗೊಂದು ತೆರೆದುಕೊಂಡಿರುತ್ತವೆ. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಅಂಥ ಒಂದು ಉದುರಿದ ತುಣುಕಿನ ಮುಂದೆ.

ಸಾಧ್ಯವಾದರೆ ಮೂರ್ತಿಯ ಬೆನ್ನನ್ನೂ ನೋಡಿ. ಗೋಡೆಗೆ ಆನಿಸಿಡಲು ಮಾಡಿದ ಎಷ್ಟೋ ಮೂರ್ತಿಗಳ ಬೆನ್ನು ದೋಣಿಯ ಒಳಮೈಯಂತೆ ಟೊಳ್ಳಾಗಿರುತ್ತದೆ. ಮರದ ತಿರುಳನ್ನು ತೆಗೆದುಬಿಟ್ಟರೆ ಒಣಗುವಾಗ ಬಿರುಕು ಬಿಡುವುದು ಕಡಿಮೆ, ಹೊರುವುದಕ್ಕೂ ಹಗುರ. ಮುಂದೆ ಅಷ್ಟು ನಾಜೂಕು, ಹಿಂದೆ ಉಳಿಯ ಒರಟು ಗುರುತು. ಆ ಗುರುತು ಮಾಡಿದ ಕೈ ಯಾರದು?

ಬಹುಮಟ್ಟಿಗೆ ಇಲ್ಲಿನವರದೇ. ಗೋವಾದ ಬಡಗಿಗಳು, ಅಕ್ಕಸಾಲಿಗರು, ಚಿತ್ರಗಾರರು ಪೀಳಿಗೆಗಳಿಂದ ಗುಡಿಗಳಿಗೆ ಕೆಲಸ ಮಾಡುತ್ತಿದ್ದವರು, ಚರ್ಚುಗಳಿಗೂ ಅವರೇ ಮಾಡಿದರು. 1567ರಲ್ಲಿ ಗೋವಾದಲ್ಲಿ ಸೇರಿದ ಮೊದಲ ಪ್ರಾಂತೀಯ ಧರ್ಮಸಭೆ, ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಪೂಜೆಯ ವಸ್ತುಗಳನ್ನು ಮಾಡಿಸಬಾರದು ಎಂದು ನಿಷೇಧ ಹಾಕಿತು. ನಿಷೇಧ ಹಾಕಬೇಕಾಯಿತು ಎಂದರೇನೇ ಕೆಲಸ ಅವರ ಕೈಯಲ್ಲೇ ನಡೆಯುತ್ತಿತ್ತು ಎಂದರ್ಥ. ಗೋವಾದ ಕೆಲವು ಚರ್ಚುಗಳಲ್ಲಿ ಪಾದ್ರಿ ನಿಂತು ಉಪದೇಶ ಮಾಡುವ ಮರದ ಕಟ್ಟೆಯ ಅಡಿಯಲ್ಲಿ, ಅದನ್ನು ಹೊತ್ತಂತೆ ನಾಗಕನ್ನಿಕೆಯರು ಇದ್ದಾರೆ. ಮೇಲೆ ಮನುಷ್ಯರೂಪ, ಕೆಳಗೆ ಸುರುಳಿ ಬಾಲ. ಕೆತ್ತಿದವನಿಗೆ ಭಾರ ಹೊರುವವರು ಯಾರು ಎಂದರೆ ನೆನಪಾದದ್ದು ನಾಗರೇ.

ದಂತದ ಮೂರ್ತಿಗಳಿಗೆ ಬನ್ನಿ. ದಂತ ಹೆಚ್ಚಾಗಿ ಬಂದದ್ದು ಆಫ್ರಿಕದಿಂದ, ಪೋರ್ಚುಗೀಸರ ಹಡಗುಗಳಲ್ಲಿ. ಮೇರಿಮಾತೆಯ ದಂತದ ಮೂರ್ತಿ ಸ್ವಲ್ಪ ಒಂದು ಕಡೆಗೆ ಬಾಗಿ ನಿಂತಂತೆ ಕಂಡರೆ, ಅದರಲ್ಲಿ ಆನೆಯ ದಂತದ ಬಾಗೂ ಸೇರಿದೆ, ಕೆತ್ತುವವನು ಅದನ್ನೇ ಅಮ್ಮನ ನಿಲುವು ಮಾಡಿಕೊಂಡ. ಗೋವಾದ ದಂತದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಬಾಲ ಯೇಸು ಕುರುಬನಾಗಿ ಕುಳಿತಿರುವ ಮೂರ್ತಿ. ಹದಿನೇಳನೇ ಶತಮಾನದಲ್ಲಿ ಇವು ತುಂಬ ತಯಾರಾದವು, ಜಗತ್ತಿನ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಇವೆ. ಒಂದು ಗುಡ್ಡ. ಅದರ ತುದಿಯಲ್ಲಿ ಮಗು, ತಲೆಗೆ ಕೈ ಆನಿಸಿ ಕಣ್ಣು ಮುಚ್ಚಿದೆ. ಹೆಗಲ ಮೇಲೊಂದು, ಮಡಿಲಲ್ಲೊಂದು ಕುರಿಮರಿ. ಕೆಳಗೆ ಊಟೆಯ ನೀರು, ಕುರಿಗಳು, ಎಲ್ಲಕ್ಕೂ ಕೆಳಗಿನ ಗವಿಯಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಒರಗಿದ್ದಾಳೆ. ಆ ಮುಚ್ಚಿದ ಕಣ್ಣು, ಆ ನಿಶ್ಚಲತೆ ನೋಡಿ ಪಂಡಿತರು ಧ್ಯಾನದ ಬುದ್ಧನನ್ನು ನೆನೆದಿದ್ದಾರೆ. ಅಂಗೈ ಮೇಲೆ ಇಡಬಹುದಾದಷ್ಟು ಪುಟ್ಟ ದಂತದಲ್ಲಿ ಅಷ್ಟು ದೊಡ್ಡ ಗುಡ್ಡ. ನಿಮ್ಮ ಅತ್ತೆಯವರಿಗೆ ಗೈಡ್ ಇಲ್ಲದೆಯೂ ಇದು ಅರ್ಥವಾಗುತ್ತದೆ, ಕುರಿ ಕಾಯುತ್ತ ಮರದಡಿ ಕಣ್ಣು ಮುಚ್ಚಿದ ಹುಡುಗರನ್ನು ಅವರು ನೋಡಿಲ್ಲವೆ?

ಬೆಳ್ಳಿಯ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿಯನ್ನು ಬಿಡಬೇಡಿ. ಹೆಜ್ಜಾರ್ಲೆ ಮರಿಗಳಿಗೆ ತನ್ನ ಎದೆಯನ್ನೇ ಕುಕ್ಕಿ ರಕ್ತ ಕುಡಿಸುತ್ತದೆ ಎಂಬ ಹಳೆಯ ಯುರೋಪಿನ ನಂಬಿಕೆ, ಕ್ರಿಸ್ತನ ತ್ಯಾಗದ ಗುರುತಾಯಿತು. ಪೂಜೆಯಲ್ಲಿ ಪವಿತ್ರವಾದ ರೊಟ್ಟಿಯನ್ನು ಇಡಲು, ಭಕ್ತರಿಗೆ ತೋರಿಸಲು ಮಾಡಿದ ಸಾಧನ ಅದು. ‘ಯಾರು ಮುಟ್ಟುತ್ತಿದ್ದರು?’ ಎಂದು ಇಲ್ಲಿ ಕೇಳಿದರೆ ಉತ್ತರ: ಪಾದ್ರಿ ಮಾತ್ರ.

ಇದಕ್ಕೆ ತದ್ವಿರುದ್ಧವಾದದ್ದು ಬಟ್ಟೆ ಉಡಿಸುವ ಮೂರ್ತಿ. ಇಂಥದ್ದು ಎಲ್ಲಾದರೂ ಕಂಡರೆ ಅತ್ತೆಯವರನ್ನು ಅಲ್ಲಿ ತಪ್ಪದೆ ನಿಲ್ಲಿಸಿ. ಮುಖ ಮತ್ತು ಕೈಗಳನ್ನಷ್ಟೇ ಕೆತ್ತಿರುತ್ತಾರೆ, ಸೊಂಟದಿಂದ ಕೆಳಗೆ ಮರದ ಪಟ್ಟಿಗಳ ಚೌಕಟ್ಟು. ಮೆರವಣಿಗೆಯ ದಿನ ಊರಿನ ಹೆಂಗಸರು ಅದಕ್ಕೆ ರೇಷ್ಮೆ ಉಡಿಸಿ, ಒಡವೆ ಹಾಕಿ, ಕೂದಲು ಬಾಚಿ ಸಿಂಗರಿಸುತ್ತಾರೆ. ಬೆಳ್ಳಿ ಮುಖಕ್ಕೆ ಇಳಕಲ್ ಸೀರೆ ಉಡಿಸಿ ಎಲ್ಲಮ್ಮನನ್ನು ಸಿಂಗರಿಸುವ ಊರಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಹಳ ಹಿಂದೆ ಒಂದು ಹಳ್ಳಿಯ ಇಗರ್ಜಿಯಲ್ಲಿ ಇಂಥ ಮೂರ್ತಿಯ ಸಡಿಲಾದ ಕೈಯನ್ನು ಕೂಡಿಸುತ್ತಿದ್ದೆ. ಅದನ್ನು ವರ್ಷವರ್ಷವೂ ಉಡಿಸುತ್ತಿದ್ದ ಅಜ್ಜಿ ಒಬ್ಬರು ಬಂದು, ನಾನು ಗಂಡಸಾದ್ದರಿಂದ ಮೊದಲು ಒಂದು ಶಾಲು ತಂದು ಆ ಮರದ ಚೌಕಟ್ಟಿಗೆ ಸುತ್ತಿದರು, ಆಮೇಲೆ ‘ಈಗ ಕೆಲಸ ಮಾಡು ಬಾಬಾ’ ಅಂದರು. ಬಟ್ಟೆಯೊಳಗೆ ಮರದ ಪಟ್ಟಿಗಳಲ್ಲದೆ ಬೇರೇನೂ ಇಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ 1567ರ ನಿಷೇಧದ ಕಾಲದಲ್ಲೇ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ತಿಸ್ವಾಡಿ, ಸಾಷ್ಟಿ, ಬಾರ್ದೇಶ ಎಂಬ ಸೀಮೆಗಳಲ್ಲಿ ಗುಡಿಗಳು ಉರುಳಿದವು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ ನದಿ ದಾಟಿ ಫೋಂಡಾ ಕಡೆಗೆ ಹೋದದ್ದು ಆಗಲೇ. ಚರ್ಚಿನ ಮತಕ್ಕೆ ತಪ್ಪಿ ನಡೆದರೆಂದು ಜನರನ್ನು ಶಿಕ್ಷಿಸುತ್ತಿದ್ದ ಧರ್ಮವಿಚಾರಣೆಯ ನ್ಯಾಯಾಲಯ (ಇನ್‌ಕ್ವಿಸಿಷನ್) 1560ರಲ್ಲಿ ಶುರುವಾಗಿ 1812ರವರೆಗೆ, ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ, ನಡೆಯಿತು. ನೀವು ವಾಸ್ಕೊದಿಂದ ಜುವಾರಿ ಸೇತುವೆ ಹತ್ತುವ ಕುಠ್ಠಾಳಿಯೇ ಆ ಕುಶಸ್ಥಳಿ. ಮಗ ಇದನ್ನು ಕೇಳಿಯೇ ಕೇಳುತ್ತಾನೆ, ಒಂಬತ್ತನೇ ತರಗತಿಯ ಮಕ್ಕಳು ಕೇಳುತ್ತಾರೆ. ಒಳ್ಳೆಯ ಗೈಡ್ ಜಾರಿಕೊಳ್ಳುವುದಿಲ್ಲ, ಜಗಳಕ್ಕೂ ಎಳೆಯುವುದಿಲ್ಲ. ಗುಡಿ ಕಳೆದುಕೊಂಡ ಊರಿನ ಬಡಗಿಯೇ ಚರ್ಚಿನ ಪೀಠವನ್ನೂ ಕೆತ್ತಿರಬಹುದು ಎಂಬ ಎರಡೂ ಸತ್ಯಗಳನ್ನು ಒಟ್ಟಿಗೆ ಹೇಳುತ್ತಾರೆ. ಈ ವಸ್ತುಗಳು ನನಗೆ ಇಷ್ಟು ಮುಖ್ಯವಾಗಿರುವುದು ಅದಕ್ಕೇ.

ಗೈಡ್ ಆಯ್ಕೆ ಬಗ್ಗೆ. ಸಂಗ್ರಹಾಲಯಕ್ಕೆ ಒಂದೆರಡು ದಿನ ಮೊದಲೇ ಫೋನ್ ಮಾಡಿ, ತೆರೆದಿರುವ ವೇಳೆ, ವಾರದ ರಜೆ, ವಿವರಿಸುವವರು ಸಿಗುತ್ತಾರೆಯೆ ಎಂದು ಕೇಳಿಕೊಳ್ಳಿ. ಅಲ್ಲಿಯವರೇ ಆದರೆ ಉತ್ತಮ, ಅವರು ಆ ವಸ್ತುಗಳ ಜೊತೆ ದಿನಾ ಬದುಕುವವರು. ಹೊರಗೆ, ಚರ್ಚಿನ ಮುಂದೆ ಬಂದು ಕೈ ಹಿಡಿಯುವವರನ್ನು ಪರವಾನಗಿ ಕಾರ್ಡ್ ನೋಡದೆ ಒಪ್ಪಬೇಡಿ. ಒಮ್ಮೆ ಅಂಥ ಒಬ್ಬರು ನಲವತ್ತು ಜನರ ಗುಂಪಿಗೆ ಮುರಕಲ್ಲಿನ ಗೋಡೆಯನ್ನು ತೋರಿಸಿ ಇಟಲಿಯಿಂದ ತಂದ ಇಟ್ಟಿಗೆ ಎಂದು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಆ ನಲವತ್ತೂ ಜನ ಅದನ್ನೇ ನಂಬಿಕೊಂಡು ಊರಿಗೆ ಹೋದರಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ. ಕನ್ನಡದಲ್ಲೇ ಹೇಳುವವರು ಸಿಗುತ್ತಾರೆ ಎಂದು ನಂಬಿ ಹೋಗಬೇಡಿ. ಕೊಂಕಣಿ, ಹಿಂದಿ, ಇಂಗ್ಲಿಷ್‌ನಲ್ಲಿ ಕೇಳಿ ಮಗನೇ ಅಜ್ಜಿಗೆ ಹೇಳಲಿ. ಹೇಳಬೇಕೆಂದಾಗ ಅವನು ಕಿವಿಗೊಟ್ಟು ಕೇಳುತ್ತಾನೆ. ಸಂಗ್ರಹಾಲಯಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ. ಹಳೆಯ ಬಟ್ಟೆಯ, ಚಿತ್ರಗಳ ಬಣ್ಣಕ್ಕೆ ಬೆಳಕೇ ಶತ್ರು. ಗೋವಾದ ಮಳೆಗಾಲದ ತೇವದಲ್ಲಿ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಅದರ ಜೊತೆ ಬಣ್ಣವೂ ಬಿಡುತ್ತದೆ. ಮುಟ್ಟಬಾರದು ಎನ್ನುವುದು ಅದಕ್ಕೇ, ಮೈಲಿಗೆಯ ಮಾತಲ್ಲ.

ಅತ್ತೆಯವರಿಗೆ ಇನ್ನೊಂದನ್ನು ಮೊದಲೇ ತಿಳಿಸಿಡಿ: ಇಲ್ಲಿನ ಚರ್ಚುಗಳಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ. ನಮ್ಮ ಕಡೆಯ ಹಿರಿಯರಿಗೆ ಇದು ಮನಸ್ಸಿಗೆ ಕಿರಿಕಿರಿ. ಬಿಡಲೇಬೇಕೆನಿಸಿದರೆ ಬಿಟ್ಟು ಕೈಚೀಲದಲ್ಲಿ ಇಟ್ಟುಕೊಳ್ಳಲಿ, ಯಾರೂ ಏನೂ ಅನ್ನುವುದಿಲ್ಲ. ಮಗನಿಗೆ ತೋಳಿಲ್ಲದ ಅಂಗಿ, ಮೊಣಕಾಲ ಮೇಲಿನ ಚಡ್ಡಿ ಬೇಡ. ಭಾನುವಾರ ಬೆಳಗ್ಗೆ ಪ್ರಾರ್ಥನೆಯ ಹೊತ್ತು ತಪ್ಪಿಸಿ.

ಬೊಮ್ ಜೀಸಸ್ ನಿಮಗೆ ಗೊತ್ತಿರುವ ಜಾಗ, ಆದರೆ ಈ ಸಲ ಒಂದನ್ನು ಹೊಸದಾಗಿ ನೋಡಿ. ಅಲ್ಲಿ ದೇಹವನ್ನಿಟ್ಟಿರುವ ಧರ್ಮಪ್ರಚಾರಕ ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡದ್ದು 1552ರಲ್ಲಿ, ಚೀನಾದ ತೀರದ ಒಂದು ದ್ವೀಪದಲ್ಲಿ. ದೇಹ ಗೋವಾಕ್ಕೆ ಬಂದದ್ದು 1554ರಲ್ಲಿ. ಅದನ್ನಿಟ್ಟಿರುವ ಬೆಳ್ಳಿಯ ಪೆಟ್ಟಿಗೆಯನ್ನು 1636–37ರಲ್ಲಿ ಮಾಡಿದವರು ಗೋವಾದ ಅಕ್ಕಸಾಲಿಗರು. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಫ್ಲಾರೆನ್ಸಿನದು. ತಸ್ಕನಿಯ ದೊರೆ ಮೂರನೇ ಕೊಸಿಮೊ ಕಳಿಸಿದ್ದು, ಶಿಲ್ಪಿ ಫೊಗ್ಗಿನಿ ಹತ್ತು ವರ್ಷ ಕೆಲಸ ಮಾಡಿದ್ದು, ಇಲ್ಲಿ ಜೋಡಿಸಿದ್ದು 1698ರಲ್ಲಿ. ಮೇಲಿನದು ಕೆಳಗಿನದಕ್ಕಿಂತ ಅರವತ್ತು ವರ್ಷ ಹಳೆಯದು. ಜನ ದೇಹವನ್ನಷ್ಟೇ ನೋಡಲು ಕತ್ತು ಚಾಚುತ್ತಾರೆ, ನೀವು ಆ ಪೆಟ್ಟಿಗೆಯ ಮೈಮೇಲೆ ಸಂತರ ಬಾಳಿನ ಕಥೆಯನ್ನು ಬಿಡಿ ಬಿಡಿ ಚಿತ್ರಗಳಾಗಿ ತಟ್ಟಿ ಎಬ್ಬಿಸಿದ ಬೆಳ್ಳಿಯ ತಗಡುಗಳನ್ನು ನೋಡಿ.

ಇಷ್ಟಾದ ಮೇಲೂ ನಾನು ನಿಮ್ಮ ಜಾಗದಲ್ಲಿದ್ದರೆ ದಿನವನ್ನು ಶುರು ಮಾಡುವುದು ಇವೆರಡರಿಂದಲೂ ಅಲ್ಲ. ಸೆ ಕೆಥೆಡ್ರಲ್ ಪಕ್ಕದಲ್ಲಿ, ಸೇಂಟ್ ಫ್ರಾನ್ಸಿಸ್ ಅಸಿಸಿ ಮಠದ ಕಟ್ಟಡದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂಗ್ರಹಾಲಯವಿದೆ, 1964ರಿಂದಲೂ. ಒಳಗೆ ಗೋವಾದ ಕದಂಬರ ಕಾಲದ ವೀರಗಲ್ಲುಗಳಿವೆ. ಕದಂಬರೆಂದರೆ ಖಾನಾಪುರದ ಹತ್ತಿರದ ಹಲಸಿಯಿಂದಲೂ ಆಳಿದವರು, ಕನ್ನಡದಲ್ಲಿ ಶಾಸನ ಹಾಕಿಸಿದವರು. ನೀವು ದಿನಾ ಹತ್ತುವ ಕದಂಬ ಬಸ್ಸಿಗೆ ಆ ಹೆಸರು ಬಂದದ್ದು ಅವರಿಂದಲೇ. ಕೆಲವು ಕಲ್ಲುಗಳಲ್ಲಿ ಹುಟ್ಟು ಹಾಕುವ ಹಡಗುಗಳೂ ಹಡಗಿನ ಮೇಲಿನ ಕಾಳಗವೂ ಇವೆ. ಕೊಪ್ಪಳದ ಬಯಲಿನವರು ಇಂಥ ಹಡಗಿನ ವೀರಗಲ್ಲನ್ನು ಊರಲ್ಲಿ ಕಂಡಿರುವುದಿಲ್ಲ. ಆದರೆ ಓದುವ ಕ್ರಮ ಅವರಿಗೆ ಗೊತ್ತಿರುತ್ತದೆ: ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕುಳಿತ ವೀರ.

ಊರಿನಲ್ಲಾದರೆ ವೀರಗಲ್ಲು ಹನುಮಪ್ಪನ ಗುಡಿಯ ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿರುತ್ತದೆ. ಇಲ್ಲಿ ನಂಬರ್ ಹಚ್ಚಿಸಿಕೊಂಡು ನಿಂತಿದೆ. ನಿಮ್ಮ ಅತ್ತೆಯವರ ಪ್ರಶ್ನೆ ಅವರ ಮುಂದೆಯೇ ನಿಂತಂತಾಗುತ್ತದೆ, ಅದೂ ಅವರದೇ ದೇವರ ರೂಪದಲ್ಲಿ. ಅಲ್ಲಿ ಗೈಡ್ ಬೇಡ. ಮೊಮ್ಮಗನಿಗೆ ಆ ಕಲ್ಲನ್ನು ಅವರೇ ಓದಿ ಹೇಳಲಿ. ಕೈ ಮುಗಿಯಬೇಕು ಅನಿಸಿದರೆ ಮುಗಿಯಲಿ. ಕುಂಕುಮ, ಕಾಸು ಮಾತ್ರ ಬೇಡ. ಆಮೇಲೆ ಅಲ್ಲಿಂದ ಸಾಂತಾ ಮೋನಿಕಾದ ದಿಬ್ಬ ಹತ್ತಿ, ಬಿಸಿಲೇರುವ ಮೊದಲು.

ಪುರಾತತ್ವ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆ ದಿನವೊಂದನ್ನು ಬಿಟ್ಟು ಇಟ್ಟುಕೊಳ್ಳಿ.